ಚಿತ್ರಕಾರರ ದೇಶಾಟನ: ಯೂರೋಪು ಮತ್ತು ನೀಲಗಿರಿ

ನಮ್ಮ ಊರು ಹರವೆ. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವಣ ಬಯಲಿನಲ್ಲಿರುವ ಈ ಗ್ರಾಮದ ಹೆಸರನ್ನು ಶ್ರೋತೃಗಳಲ್ಲಿ ಅನೇಕರು ಕೇಳಿರಲಾರರು. ಕೇಳದಿದ್ದರೆ ಅದು ಅವರ ತಪ್ಪೂ ಅಲ್ಲ, ಊರಿನ ತಪ್ಪೂ ಅಲ್ಲ. ಅಲ್ಲಿಯ ಹೊಲದ ಬದುವಿನ ಮೇಲೆ ನಿಂತು, ಮೋಡವಿಲ್ಲದ ಒಂದು ಬೆಳಗ್ಗೆ ನೈಋತ್ಯದ ಕಡೆಗೆ ದೃಷ್ಟಿ ಹರಿಸಿದರೆ ದಿಗಂತದಲ್ಲಿ ಬೆಟ್ಟಗಳ ಸಾಲು ಕಾಣುತ್ತದೆ. ಈಚೆಗಿರುವುದು ಹಿಮವದ್ಗೋಪಾಲಸ್ವಾಮಿಯ ಬೆಟ್ಟ. ಅದರ ಆಚೆಗೆ, ಬೆಟ್ಟವೋ ಮೋಡವೋ ಎಂದು ಸಂಶಯ ಹುಟ್ಟಿಸುವ ತಿಳಿನೀಲಿಯ ಗೆರೆಯೇ ನೀಲಗಿರಿ.

ನಾನು ಕಾಲೇಜಿಗೆ ಸೇರಿದ ವರುಷ ಗೆಳೆಯರೊಡನೆ ಉದಕಮಂಡಲಕ್ಕೆ ಹೊರಟೆ. ಆಗ ನಮ್ಮ ಅಜ್ಜಿ, "ಅಲ್ಲಿ ಯಾವ ದೇವ್ರ ಗುಡಿ ಅದ ಮಗ?" ಎಂದು ಕೇಳಿದರು. ದೇವರ ಗುಡಿಗಲ್ಲ, ಸುಮ್ಮನೆ ನೋಡಿ ಬರುವುದಕ್ಕೆ ಎಂದೆ. "ಏನ ನೋಡಕ?" "ಬೆಟ್ಟವನ್ನು, ಅಜ್ಜಿ." ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, "ಬೆಟ್ಟ ಇಲ್ಲಿಂದ್ಲೇ ಕಾಣ್ತದಲ್ಲ!" ಎಂದರು.

ಆ ದಿನ ನಾನು ನಕ್ಕುಬಿಟ್ಟೆ. ಇತಿಹಾಸವನ್ನು ಪಾಠ ಹೇಳಲು ತೊಡಗಿದ ಮೇಲೆ, ಅಜ್ಜಿಯ ಪ್ರಶ್ನೆ ನಗುವಂಥದಲ್ಲವೆಂದು ತೋರಿತು. ನಮ್ಮ ಸೀಮೆಯವರು ಬೆಟ್ಟ ಹತ್ತದವರಲ್ಲ. ಗೋಪಾಲಸ್ವಾಮಿಗೆ ಹತ್ತುತ್ತಾರೆ, ಬಿಳಿಗಿರಿರಂಗನಿಗೆ ಹತ್ತುತ್ತಾರೆ, ಮಾದಪ್ಪನ ಬೆಟ್ಟಕ್ಕೆ ದಿನಗಟ್ಟಲೆ ನಡೆದು ಹೋಗುತ್ತಾರೆ. ಆದರೆ ಅದು ಯಾತ್ರೆ. ಬೆಟ್ಟ ಅಲ್ಲಿ ದೇವರಿಗೆ ಪೀಠ. ಬೆಟ್ಟವನ್ನು ಬೆಟ್ಟವೆಂದೇ ನೋಡುವುದಕ್ಕಾಗಿ ಮನೆ ಬಿಟ್ಟು ಹೊರಡುವ ಪದ್ಧತಿಗೆ ನಮ್ಮ ಬಳಕೆಯ ಮಾತಿನಲ್ಲಿ ಹೆಸರೇ ಇರಲಿಲ್ಲ. ನಾವು ಈಗ ಧಾರಾಳವಾಗಿ ಆಡುವ "ರಜಾ" ಎಂಬ ಶಬ್ದವೂ ಪಾರಸಿಯ ದಾರಿಯಾಗಿ ಬಂದದ್ದು. ಅದಕ್ಕೆ ಮೂಲದಲ್ಲಿ ಒಪ್ಪಿಗೆ, ಅನುಮತಿ ಎಂದು ಅರ್ಥ. ಅಧಿಕಾರಿಯು ಅನುಮತಿ ಕೊಟ್ಟರೆ ಮನೆಗೆ ಹೋಗಬಹುದು, ಅಷ್ಟೆ. ಬೆಟ್ಟಕ್ಕೆ ಹೋಗಬೇಕೆಂದು ಆ ಶಬ್ದ ಎಲ್ಲಿಯೂ ಹೇಳುವುದಿಲ್ಲ.

ಹಾಗಾದರೆ ಈ ನೋಟದ ಪ್ರಯಾಣ ಎಲ್ಲಿಂದ ಬಂತು? ಯೂರೋಪಿನ ಚಿತ್ರಕಾರರ ದೇಶಾಟನದ ಕಥೆಯಲ್ಲಿ ಇದಕ್ಕೆ ಬಹುಮಟ್ಟಿಗೆ ಉತ್ತರವಿದೆ. ಆ ಕಥೆಯ ಒಂದು ಕವಲು ಗುಂಡ್ಲುಪೇಟೆಯ ರಸ್ತೆಯಲ್ಲೇ ಹಾದುಹೋಗಿರುವುದರಿಂದ ಅದನ್ನು ಈ ಹೊತ್ತು ತಮ್ಮ ಮುಂದಿಡುವ ಧೈರ್ಯ ಮಾಡಿದ್ದೇನೆ.

ಯೂರೋಪಿನಲ್ಲಿಯೂ ಮೊದಲಿಗೆ ಚಿತ್ರಕಾರನು ಹೊಟ್ಟೆಯ ಪಾಡಿಗಾಗಿಯೇ ಊರು ಬಿಡುತ್ತಿದ್ದನು. 1520ನೆಯ ಇಸವಿಯ ಬೇಸಗೆಯಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದ ಆಲ್ಬ್ರೆಕ್ಟ್ ಡ್ಯೂರರನು ಹೆಂಡತಿಯನ್ನೂ ಒಬ್ಬ ದಾಸಿಯನ್ನೂ ಕರೆದುಕೊಂಡು ನೆದರ್ಲೆಂಡ್ಸಿಗೆ ಹೊರಟನು. ಹಿಂದಿನ ವರುಷ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ತೀರಿಕೊಂಡಿದ್ದನು. ಅವನು ಕೊಡಿಸುತ್ತಿದ್ದ ವರ್ಷಾಶನವನ್ನು ಹೊಸ ಚಕ್ರವರ್ತಿಯಿಂದ ಸ್ಥಿರಪಡಿಸಿಕೊಳ್ಳಬೇಕಾಗಿತ್ತು. ದಾರಿಯಲ್ಲಿ ಮಾರುವುದಕ್ಕೆಂದು ತನ್ನ ಅಚ್ಚಿನ ಚಿತ್ರಗಳ ಗಂಟನ್ನೂ ಕಟ್ಟಿಕೊಂಡಿದ್ದನು. ಅವನು ಬರೆದಿಟ್ಟ ದಿನಚರಿಯ ಬಹುಭಾಗ ಖರ್ಚಿನ ಲೆಕ್ಕ: ಊಟಕ್ಕೆ ಇಷ್ಟು, ದೋಣಿಗೆ ಇಷ್ಟು, ಸುಂಕಕ್ಕೆ ಇಷ್ಟು. ನಡುವೆ ಎಲ್ಲೋ ಒಂದು ಕಡೆ ಮನಸ್ಸು ಲೆಕ್ಕವನ್ನು ಮರೆಯುತ್ತದೆ. ಮೆಕ್ಸಿಕೋ ದೇಶದಿಂದ ಬಂದ ಬಂಗಾರದ ವಸ್ತುಗಳನ್ನು ಬ್ರಸಲ್ಸಿನಲ್ಲಿ ಕಂಡು ಬೆರಗಾಗುತ್ತಾನೆ. ಸಮುದ್ರತೀರದಲ್ಲಿ ತಿಮಿಂಗಿಲವೊಂದು ದಡಕ್ಕೆ ಬಿದ್ದಿದೆಯೆಂದು ಕೇಳಿ, ಚಳಿಗಾಲವೆಂಬುದನ್ನೂ ಲೆಕ್ಕಿಸದೆ ನೋಡಲು ಓಡುತ್ತಾನೆ. ಅಷ್ಟರಲ್ಲಿ ಭರತದ ನೀರು ಅದನ್ನು ಎಳೆದುಕೊಂಡು ಹೋಗಿರುತ್ತದೆ. ತಿಮಿಂಗಿಲವೂ ಸಿಕ್ಕಲಿಲ್ಲ, ಮುಂದೆ ಜ್ವರ ಮಾತ್ರ ಹಿಡಿಯಿತು. ವ್ಯವಹಾರಕ್ಕೆ ಹೊರಟವನ ಕಣ್ಣು ನಡುದಾರಿಯಲ್ಲಿ ರಜಾ ತೆಗೆದುಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಬೆಟ್ಟದ ವಿಷಯ ಮಾತ್ರ ಬಹುಕಾಲ ಬೇರೆಯಾಗಿಯೇ ಇತ್ತು. ಇಟಲಿಯ ಪ್ರಾಚೀನ ಶಿಲ್ಪಗಳನ್ನು ಕಾಣಲು ಹೋಗುತ್ತಿದ್ದ ಇಂಗ್ಲಿಷ್ ಶ್ರೀಮಂತರಿಗೆ ಆಲ್ಪ್ಸ್ ಪರ್ವತ ದಾರಿಗೆ ಅಡ್ಡವಾಗಿ ಬಿದ್ದ ಒಂದು ಪೀಡೆ. ಅದನ್ನು ದಾಟಬೇಕು, ನೋಡುವುದೇನಿದೆ? ಹದಿನೆಂಟನೆಯ ಶತಮಾನವು ಸಾಗುತ್ತ ಬಂದಂತೆ ಈ ಭಾವನೆ ತಿರುಗಿತು. ಭಯಂಕರವಾದುದರಲ್ಲಿಯೂ ಒಂದು ಬಗೆಯ ಸುಖವುಂಟೆಂದು ಪಂಡಿತರು ವಾದಿಸಿದರು. ಪ್ರಪಾತ, ಹಿಮ, ಸಿಡಿಲು ಇವು ಕಾವ್ಯಕ್ಕೆ ಬಂದವು. ಆ ಕಣ್ಣನ್ನು ಚಿತ್ರದಲ್ಲಿ ಸ್ಥಿರಪಡಿಸಿದವರಲ್ಲಿ ಮೊದಲು ಹೆಸರಿಸಬೇಕಾದವನು ಲಂಡನ್ನಿನ ಒಬ್ಬ ಕ್ಷೌರಿಕನ ಮಗ, ಜೋಸೆಫ್ ಮ್ಯಾಲರ್ಡ್ ವಿಲಿಯಂ ಟರ್ನರ್.

ಟರ್ನರನು ಹುಟ್ಟಿದ್ದು 1775ರಲ್ಲಿ. ಅವನ ಯೌವನವೆಲ್ಲ ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿದ್ದ ಕಾಲ. ಇಂಗ್ಲಿಷರಿಗೆ ಕಡಲಾಚೆಯ ದಾರಿ ಮುಚ್ಚಿತ್ತು. ಆಗ ಅವನು ಬರೆದ ಚಿತ್ರಗಳಲ್ಲಿ ನಮಗೆ ಕುತೂಹಲ ಹುಟ್ಟಿಸುವಂಥದು ಒಂದಿದೆ. 1800ರ ಸುಮಾರಿನ ಒಂದು ನೀರುಬಣ್ಣದ ಚಿತ್ರ, ಲಂಡನ್ನಿನ ಟೇಟ್ ಚಿತ್ರಶಾಲೆಯಲ್ಲಿದೆ. ಅದರ ವಸ್ತು ಶ್ರೀರಂಗಪಟ್ಟಣದ ಮುತ್ತಿಗೆ! ಕಾವೇರಿಯನ್ನು ಅವನು ಕಾಣಲಿಲ್ಲ, ಈ ದೇಶಕ್ಕೆ ಎಂದೂ ಬರಲಿಲ್ಲ. ಬೇರೆಯವರು ಸ್ಥಳದಲ್ಲಿ ಬರೆದ ರೇಖಾಚಿತ್ರಗಳನ್ನು ಆಧರಿಸಿ ತನ್ನ ಕೋಣೆಯಲ್ಲಿ ಕುಳಿತು ಬರೆದನು. 1791-92ರ ಯುದ್ಧದಲ್ಲಿ ಕಾರನ್‌ವಾಲೀಸನ ದಂಡಿನೊಡನೆ ರಾಬರ್ಟ್ ಹೋಮನೆಂಬ ಚಿತ್ರಕಾರನು ನಮ್ಮ ಸೀಮೆಯಲ್ಲಿ ಸಂಚರಿಸಿದ್ದನು. ಯುದ್ಧ ಮುಗಿದ ವರ್ಷವೇ ಥಾಮಸ್ ಡೇನಿಯಲ್ಲನೂ ಅವನ ಅಣ್ಣನ ಮಗ ವಿಲಿಯಮ್ಮನೂ ಮದರಾಸಿನಿಂದ ಹೊರಟು ಬೆಂಗಳೂರಿನವರೆಗೆ ಬಂದು ದುರ್ಗಗಳ ಚಿತ್ರಗಳನ್ನು ಬರೆದುಕೊಂಡು ಹೋದರು. ಮೈಸೂರಿನ ಕೋಟೆಗಳೂ ಬಂಡೆಗಳೂ ಆ ಕಾಲದ ಲಂಡನ್ನಿನಲ್ಲಿ ಮಾರಾಟವಾಗುವ ಸರಕಾಗಿದ್ದುವು. ಆಲ್ಪ್ಸನ್ನು ಕಾಣುವ ಮೊದಲೇ ಟರ್ನರನ ಕುಂಚ ಶ್ರೀರಂಗಪಟ್ಟಣವನ್ನು ಮುಟ್ಟಿತ್ತು ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಿದಾಗ ಅವರು ನಂಬುವುದೇ ಇಲ್ಲ.

1802ರಲ್ಲಿ ಆಮಿಯಾನ್ ಪಟ್ಟಣದಲ್ಲಿ ಸಂಧಿಯಾಯಿತು. ಆ ಶಾಂತಿ ಒಂದು ವರುಷಕ್ಕಿಂತ ಸ್ವಲ್ಪವೇ ಹೆಚ್ಚು ಕಾಲ ಬಾಳಿತು. ಆದರೆ ಅಷ್ಟರಲ್ಲಿ ಇಪ್ಪತ್ತೇಳು ವಯಸ್ಸಿನ ಟರ್ನರನು ಕಡಲನ್ನು ದಾಟಿದ್ದನು. ಕ್ಯಾಲೆ ಬಂದರಿನಲ್ಲಿ ಇಳಿಯುವಾಗಲೇ ಬಿರುಗಾಳಿಗೆ ಸಿಕ್ಕಿ ದೋಣಿ ಮುಳುಗುವಷ್ಟಾಯಿತು. ಬೇರೊಬ್ಬನಾಗಿದ್ದರೆ ದೇವರಿಗೆ ಹರಕೆ ಹೊತ್ತು ಸುಮ್ಮನಾಗುತ್ತಿದ್ದನು. ಇವನು ಅದನ್ನೇ ದೊಡ್ಡ ತೈಲಚಿತ್ರವಾಗಿ ಮಾಡಿ ಮಾರನೆಯ ವರುಷ ಪ್ರದರ್ಶನಕ್ಕಿಟ್ಟನು. ಅಲ್ಲಿಂದ ಫ್ರಾನ್ಸನ್ನು ಹಾದು, ಶಾಮೊನಿಯ ಹಿಮನದಿ, ಸೇಂಟ್ ಗಾಟ್ಹಾರ್ಡಿನ ಕಣಿವೆ, ರೈಖೆನ್‌ಬಾಖ್ ಜಲಪಾತ ಇವನ್ನೆಲ್ಲ ಸುತ್ತಿ, ನಾನೂರಕ್ಕೆ ಮಿಕ್ಕ ರೇಖಾಚಿತ್ರಗಳನ್ನು ಕೂಡಿಹಾಕಿದನು. ಹಿಂದಿರುಗುವಾಗ ಪ್ಯಾರಿಸಿನ ಲೂವ್ರ್ ಅರಮನೆಯಲ್ಲಿ, ನೆಪೋಲಿಯನ್ನನು ಇಟಲಿಯಿಂದ ಕೊಳ್ಳೆಹೊಡೆದು ತಂದಿದ್ದ ಚಿತ್ರಗಳ ಮುಂದೆ ನಿಂತು ಪುಟಗಟ್ಟಲೆ ಟಿಪ್ಪಣಿ ಬರೆದುಕೊಂಡನು. ಮತ್ತೆ ಯುದ್ಧ ಹತ್ತಿತು. ವಾಟರ್ಲೂ ಕಾಳಗವಾಗಿ ನೆಪೋಲಿಯನ್ನನು ಸೋಲುವವರೆಗೆ, ಎಂದರೆ 1815ರವರೆಗೆ, ಅವನು ಆ ಒಂದು ಬೇಸಗೆಯ ಬುತ್ತಿಯನ್ನೇ ಬಿಚ್ಚಿ ಉಣ್ಣುತ್ತಿದ್ದನು.

ಇಲ್ಲಿ ಅವನ ಕೆಲಸದ ರೀತಿಯನ್ನು ಸ್ವಲ್ಪ ಹೇಳಬೇಕು. ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕ, ಒಂದು ಸೀಸದ ಕಡ್ಡಿ. ನಡೆಯುತ್ತಲೋ, ಗಾಡಿಯ ಕಿಟಕಿಯಿಂದಲೋ, ದೋಣಿಯಲ್ಲಿ ಕುಳಿತೋ ನಾಲ್ಕು ಗೆರೆ ಎಳೆದುಕೊಳ್ಳುವನು. ಬಣ್ಣದ ಕೆಲಸ ಸಾಮಾನ್ಯವಾಗಿ ಅನಂತರ, ಛತ್ರದ ಕೋಣೆಯಲ್ಲೋ ಲಂಡನ್ನಿನಲ್ಲೋ. ಬಯಲಿನಲ್ಲಿ ಕುಳಿತು ಬಣ್ಣ ಹಾಕಬಾರದೇಕೆಂದು ಕೇಳಿದವರಿಗೆ, ಒಂದು ಬಣ್ಣದ ಚಿತ್ರವಾಗುವಷ್ಟು ಹೊತ್ತಿನಲ್ಲಿ ಹದಿನೈದು ಹದಿನಾರು ಸೀಸದ ಚಿತ್ರಗಳಾಗುತ್ತವೆ ಎಂದು ಉತ್ತರಕೊಟ್ಟನಂತೆ. ಜಿಪುಣನ ಲೆಕ್ಕದಂತೆ ಕಾಣುವ ಈ ಮಾತು ವಾಸ್ತವವಾಗಿ ನೆನಪಿನ ಮೇಲೆ ಇಟ್ಟ ಭರವಸೆ. ಬೆಳಕನ್ನು ಅವನು ಕಾಗದದ ಮೇಲೆ ಹಿಡಿಯುತ್ತಿರಲಿಲ್ಲ, ತಲೆಯಲ್ಲಿ ಹೊತ್ತುಕೊಂಡು ಬರುತ್ತಿದ್ದನು. ರಜಾದ ಹುಚ್ಚು ಅವನಿಗೆ ಇನ್ನೊಂದಿತ್ತು, ಗಾಳ ಹಾಕಿ ಮೀನು ಹಿಡಿಯುವುದು. ನೀರಿನ ಮೇಲಿನ ಬೆಳಕನ್ನು ಗಂಟೆಗಟ್ಟಲೆ ಮೌನವಾಗಿ ನೋಡುತ್ತ ಕುಳಿತಿರಲು ಅದಕ್ಕಿಂತ ಒಳ್ಳೆಯ ನೆಪ ಯಾವುದಿದೆ?

1819ರ ಆಗಸ್ಟ್ ತಿಂಗಳಲ್ಲಿ, ನಾಲ್ವತ್ತುನಾಲ್ಕನೆಯ ವಯಸ್ಸಿನಲ್ಲಿ, ಮೊಟ್ಟಮೊದಲಿಗೆ ಇಟಲಿಯ ಒಳನಾಡಿಗೆ ಹೊರಟನು. ವೆನಿಸಿನಲ್ಲಿ ಕೆಲವೇ ದಿನ, ರೋಮಿನಲ್ಲಿ ಕೆಲವು ವಾರ, ನೇಪಲ್ಸಿನಲ್ಲಿ ವೆಸೂವಿಯಸ್ ಬೆಟ್ಟದ ಹೊಗೆ. ಇಪ್ಪತ್ತಕ್ಕೆ ಮಿಕ್ಕ ಪುಸ್ತಕಗಳು ತುಂಬಿದುವು. ಹಿಂದಿರುಗುವಾಗ 1820ರ ಜನವರಿಯಲ್ಲಿ, ಮೌಂಟ್ ಸೆನಿಸ್ ಕಣಿವೆಯ ನೆತ್ತಿಯಲ್ಲಿ ಅವನು ಕುಳಿತ ಗಾಡಿ ಹಿಮದಲ್ಲಿ ಮಗುಚಿಕೊಂಡಿತು. ಮಂಡಿಯುದ್ದದ ಹಿಮವನ್ನು ತುಳಿಯುತ್ತ ಇಳಿಯಬೇಕಾಯಿತು. ಅದೂ ಚಿತ್ರವಾಯಿತು. ಒಂಬತ್ತು ವರುಷದ ಮೇಲೆ ಬೇರೊಂದು ಬೆಟ್ಟದಲ್ಲಿ ಹಾಗೆಯೇ ಮತ್ತೆ ಹಿಮದಲ್ಲಿ ಸಿಕ್ಕಿಬಿದ್ದನು; ಅದೂ ಚಿತ್ರವಾಯಿತು. ಈ ಮನುಷ್ಯನಿಗೆ ದಾರಿಯಲ್ಲಿ ನಷ್ಟವೆಂಬುದೇ ಇರಲಿಲ್ಲ.

ಇಸವಿಯನ್ನು ಶ್ರೋತೃಗಳು ದಯವಿಟ್ಟು ನೆನಪಿನಲ್ಲಿಟ್ಟಿರಬೇಕು: 1819. ಟರ್ನರನು ಇಟಲಿಯನ್ನು ಕಂಡ ಆ ವರುಷವೇ, ಅದಕ್ಕೆ ಕೆಲವು ತಿಂಗಳು ಮೊದಲು, ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ನೀಲಗಿರಿಯ ಮೇಲಕ್ಕೆ ಹತ್ತಿದನು. ಇವೆರಡಕ್ಕೂ ಸಂಬಂಧವೇನು ಎಂದು ಕೇಳಬಹುದು. ನೇರವಾದ ಸಂಬಂಧವಿಲ್ಲ. ಆದರೆ ಬೆಟ್ಟವನ್ನು ನೋಡಿ ಸಂತೋಷಪಡಬೇಕೆಂದು ಕಲಿತಿದ್ದ ಒಂದು ತಲೆಮಾರು ಆಗ ಎರಡು ಖಂಡಗಳಲ್ಲಿ ಏಕಕಾಲದಲ್ಲಿ ಓಡಾಡುತ್ತಿತ್ತು. ಅವರ ಒಬ್ಬ ಕಲೆಕ್ಟರನು ಏಳು ಸಾವಿರ ಅಡಿ ಎತ್ತರದಲ್ಲಿ ತಣ್ಣನೆಯ ಹುಲ್ಲುಗಾವಲನ್ನು ಕಂಡಾಗ, ಅಲ್ಲಿ ಮನೆ ಕಟ್ಟಿಸದೆ, ಕೆರೆ ಕಟ್ಟಿಸದೆ ಇರಲು ಹೇಗೆ ಸಾಧ್ಯ? ಎರಡನ್ನೂ ಸಲಿವನ್ನನು ಮಾಡಿದನು. ಮುಂದೆ ಗುಡ್ಡಗಳಿಗೆ ಎಲ್ಕ್ ಹಿಲ್, ಚರ್ಚ್ ಹಿಲ್, ಸ್ನೋಡನ್ ಎಂಬ ಹೆಸರುಗಳು ಬಂದುವು. 1870ರಿಂದ ಮದರಾಸು ಸರ್ಕಾರವೇ ಬೇಸಗೆಯಲ್ಲಿ ಅಲ್ಲಿಗೆ ಏರಿ ಕುಳಿತುಕೊಳ್ಳುತ್ತಿತ್ತು. 1877ರಲ್ಲಿ ಅಲ್ಲಿಗೆ ಹೋದ ವೈಸರಾಯ್ ಲಿಟ್ಟನ್, ಅಲ್ಲಿಯ ಮಳೆಯೂ ಕೆಸರೂ ಕೂಡ ಇಂಗ್ಲೆಂಡಿನದೇ ಆಗಿದೆಯೆಂದು ಹೆಂಡತಿಗೆ ಪರವಶನಾಗಿ ಬರೆದನು. ಆ ವರುಷ ಮೈಸೂರು ಸೀಮೆಯಲ್ಲಿ ಮಳೆಯಿಲ್ಲದೆ ಡೊಗರು ಬರ. ಲಕ್ಷಗಟ್ಟಲೆ ಜನ ಸತ್ತರು. ಇತಿಹಾಸದ ಪುಟಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದುವ ಅಭ್ಯಾಸ ಒಳ್ಳೆಯದಲ್ಲ, ನಿದ್ರೆ ಕೆಡುತ್ತದೆ.

ಉದಕಮಂಡಲದ ಸೇಂಟ್ ಸ್ಟೀಫನ್ಸ್ ಚರ್ಚು 1830ರ ಸುಮಾರಿನದು. ಅದರ ತೊಲೆಗಳು ಟೀಪು ಸುಲ್ತಾನನ ಶ್ರೀರಂಗಪಟ್ಟಣದ ಅರಮನೆಯನ್ನು ಕೆಡವಿ ತಂದವೆಂದು ಹೇಳುತ್ತಾರೆ. ಟರ್ನರನು ಕಾಣದೆ ಬರೆದ ಊರಿನ ಮರ ಬೆಟ್ಟವೇರಿ, ಇಂಗ್ಲೆಂಡನ್ನು ನೆನೆದು ಅಳುವವರ ಪ್ರಾರ್ಥನಾಮಂದಿರಕ್ಕೆ ಆಧಾರವಾಯಿತು.

ಹಾಗೆಂದು ಆ ಬೆಟ್ಟವೇನು ಜನರಿಲ್ಲದ ಸ್ಥಳವಾಗಿರಲಿಲ್ಲ. ತೊದವರೂ ಕೋತರೂ ಇದ್ದರು. ನಮ್ಮವರೇ ಎನ್ನಬಹುದಾದ ಬಡಗರೂ ಇದ್ದರು. ಬಡಗ ಎಂದರೆ ಉತ್ತರದ ದಿಕ್ಕಿನವನು. ವಿಜಯನಗರವು ಕುಸಿದ ಮೇಲೆ, ಉತ್ತರದ ಮೈಸೂರು ಸೀಮೆಯಿಂದ ಉಪದ್ರವಕ್ಕೆ ಹೆದರಿ ಬೆಟ್ಟ ಹತ್ತಿದವರು ತಾವೆಂದು ಅವರಲ್ಲಿ ಐತಿಹ್ಯವಿದೆ. ಅವರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ನೀಲಗಿರಿಯ ಅತ್ಯುನ್ನತ ಶಿಖರಕ್ಕೆ ಇಂಗ್ಲಿಷರೂ ಹೆಸರು ಬದಲಾಯಿಸಲಿಲ್ಲ. ಅದು ಇಂದಿಗೂ ದೊಡ್ಡಬೆಟ್ಟವೇ. ನಮ್ಮ ಸೀಮೆಯಿಂದ ಆ ಬೆಟ್ಟಕ್ಕೆ ಮೊದಲು ಹೋದವರು ಪ್ರಾಣ ಉಳಿಸಿಕೊಳ್ಳಲು ಹೋದರು. ನೋಡುವುದಕ್ಕೆಂದೇ ಹೋದ ಚಿತ್ರಕಾರನು ಬಹಳ ತಡವಾಗಿ ಹೊರಟನು. ಅವರೇ ಮೈಸೂರಿನ ಕೆ. ವೆಂಕಟಪ್ಪನವರು.

ವೆಂಕಟಪ್ಪನವರು 1886ರಲ್ಲಿ ಮೈಸೂರಿನಲ್ಲಿ, ಅರಮನೆಯ ಚಿತ್ರಗಾರರ ವಂಶದಲ್ಲಿ ಹುಟ್ಟಿದರು. ನಾಲ್ವಡಿ ಕೃಷ್ಣರಾಜ ಒಡೆಯರವರ ಕೃಪೆಯಿಂದ 1909ರಲ್ಲಿ ಕಲ್ಕತ್ತೆಗೆ ಹೋಗಿ, ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬಸು ಮೊದಲಾದವರು ಅವರ ಸಹಪಾಠಿಗಳು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಹಿಂದೂ ಮತ್ತು ಬೌದ್ಧ ಪುರಾಣಗಳ ಮೇಲೆ ಬರೆದು 1913ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವರ ಚಿತ್ರಗಳಿವೆ. ಆ ಗುರುಕುಲದ ಮುಖ್ಯ ಸಂಕಲ್ಪವೇ ಯೂರೋಪಿನ ತೈಲಚಿತ್ರದ ದಾಸ್ಯವನ್ನು ಬಿಡುವುದು. ಅಜಂತೆಯ ಕಡೆಗೆ, ಮೊಗಲರ ಮತ್ತು ರಾಜಪೂತರ ಕಿರುಚಿತ್ರಗಳ ಕಡೆಗೆ ತಿರುಗುವುದು. ಅಲ್ಲಿ ರಾಮನಿಗೆ, ಶಿವನಿಗೆ, ಬುದ್ಧನಿಗೆ ಸ್ಥಾನವಿತ್ತು. ಬರಿಯ ಬೆಟ್ಟಕ್ಕೆ ಅಷ್ಟಾಗಿ ಇರಲಿಲ್ಲ.

ಆದುದರಿಂದಲೇ ಅವರ ಮುಂದಿನ ನಡೆ ನನಗೆ ಆಶ್ಚರ್ಯವೆನಿಸುತ್ತದೆ. ಮೈಸೂರಿಗೆ ಹಿಂದಿರುಗಿ, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿಯುತ್ತ, ಅರಮನೆಗಾಗಿ ಪುರಾಣದ ಉಬ್ಬುಶಿಲ್ಪಗಳನ್ನು ಮಾಡುತ್ತಿದ್ದ ಈ ಬ್ರಹ್ಮಚಾರಿ, 1920ರ ದಶಕದಲ್ಲಿ ಉದಕಮಂಡಲಕ್ಕೆ ಹೋಗಿ ಕುಳಿತರು, ಕೊಡೈಕನಾಲಿಗೂ ಹೋದರು. ಪುರಾಣವನ್ನು ಬಿಟ್ಟು ಬೆಟ್ಟ, ಮರ, ಕೆರೆ, ಮಂಜು, ಬೆಳದಿಂಗಳು ಇವನ್ನು ನೀರುಬಣ್ಣದಲ್ಲಿ ಬರೆದರು. ಮೈಸೂರಿನಿಂದ ಉದಕಮಂಡಲಕ್ಕೆ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರಗಳ ಮೇಲೆ ಹೋದರೆ ನೂರು ಮೈಲಿಯೊಳಗಿನ ದಾರಿ. ಟರ್ನರನು ಒಂದು ಬೇಸಗೆಯಲ್ಲಿ ಇದರ ಹತ್ತಾರು ಪಟ್ಟು ದೂರ ಸುತ್ತುತ್ತಿದ್ದನು.

ಯೂರೋಪಿನವರ ವಿಹಾರದ ಹುಚ್ಚಿನಿಂದ ಹುಟ್ಟಿದ ಒಂದು ಊರಿನಲ್ಲಿ, ಯೂರೋಪಿನ ದಾಸ್ಯವನ್ನು ಬಿಡಬೇಕೆಂದು ದೀಕ್ಷೆ ತೊಟ್ಟ ಒಬ್ಬ ಶಿಷ್ಯನು ಏನನ್ನು ಹುಡುಕಿದನು? ಕೆಲವರು ಇದನ್ನು ದೀಕ್ಷಾಭಂಗವೆಂದೇ ಹೇಳಬಹುದು. ನನಗೆ ಹಾಗೆ ತೋರುವುದಿಲ್ಲ. ಅವರ ನೀಲಗಿರಿಯ ಚಿತ್ರಗಳು ಗಾತ್ರದಲ್ಲಿ ಚಿಕ್ಕವು. ಅವುಗಳ ಮುಂದೆ ನಿಂತವನಿಗೆ ಮೊದಲು ಕಾಣುವುದು ತಾಳ್ಮೆ. ಕಿರುಚಿತ್ರದಲ್ಲಿ ದೇವತೆಯ ಕಿರೀಟದ ಒಂದೊಂದು ಮಣಿಯನ್ನು ಬಿಡಿಸುತ್ತಿದ್ದ ಕೈ ಇಲ್ಲಿ ಮಂಜಿನ ಒಂದೊಂದು ಪದರವನ್ನು ಬಿಡಿಸಿದೆ. ವೀಣೆಯಲ್ಲಿ ಒಂದೇ ಸ್ವರದ ಮೇಲೆ ನಿಂತು ಅದರ ಸೂಕ್ಷ್ಮಗಳನ್ನು ತಡಕುವ ಅಭ್ಯಾಸವಿದ್ದವರು, ಒಂದು ಗುಡ್ಡದ ಮೇಲೆ ಹೊತ್ತು ಬದಲಾಗುವುದನ್ನು ಹಾಗೆಯೇ ತಡಕಿದ್ದಾರೆ.

ಇಲ್ಲಿ ಟರ್ನರನ ಮುಪ್ಪಿನ ಕಾಲದ ಒಂದು ಸಂಗತಿಯನ್ನು ಜ್ಞಾಪಿಸಿಕೊಳ್ಳಬೇಕಾಗುತ್ತದೆ. ಬದುಕೆಲ್ಲ ಓಡಾಡಿದ ಅವನು 1841ರಿಂದ ನಾಲ್ಕು ಬೇಸಗೆ ಸ್ವಿಟ್ಜರ್ಲೆಂಡಿಗೇ ಹೋದನು. ಲ್ಯೂಸರ್ನ್ ಸರೋವರದ ಆಚೆಗಿರುವ ರೀಗಿ ಎಂಬ ಒಂದೇ ಬೆಟ್ಟವನ್ನು ಮತ್ತೆಮತ್ತೆ ನೋಡಿದನು. ನಸುಕಿನ ರೀಗಿ ನೀಲಿ, ಸಂಜೆಯ ರೀಗಿ ಕೆಂಪು, ಮತ್ತೊಂದು ಹೊತ್ತಿನ ರೀಗಿ ಕಪ್ಪು. 1842ರ ಆ ಮೂರು ನೀರುಬಣ್ಣದ ಚಿತ್ರಗಳು ಅವನ ಕೃತಿಗಳಲ್ಲಿ ಕಿರೀಟಪ್ರಾಯವಾದವು. ಹತ್ತು ದೇಶ ಸುತ್ತಿದವನು ಕೊನೆಗೆ ಒಂದು ಬೆಟ್ಟದ ಮುಂದೆ ಕುಳಿತನು. ವೆಂಕಟಪ್ಪನವರು ಕಡಲನ್ನೇ ದಾಟದೆ ಅಂಥದೇ ಒಂದು ಜಾಗಕ್ಕೆ ಬಂದರು. ಇದರಿಂದ ಕಡಲು ದಾಟುವುದು ವ್ಯರ್ಥವೆಂಬ ಸಿದ್ಧಾಂತವನ್ನು ಹೊರಡಿಸಬೇಕಾಗಿಲ್ಲ. ಆ ಮಾತಿಗೆ ಎದುರು ಸಾಕ್ಷಿಯೂ ನಮ್ಮ ನಾಡಿನಲ್ಲೇ ಇದೆ.

ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೃಷ್ಣ ಹೆಬ್ಬಾರರ ತಂದೆ, ಚೌತಿಯ ಹಬ್ಬಕ್ಕೆ ಮಣ್ಣಿನ ಗಣಪತಿಯನ್ನು ಮಾಡುತ್ತಿದ್ದವರು. ಮಗನು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಶಾಲೆಯಲ್ಲಿ ಕೆಲಕಾಲ ಕಲಿತು, ಬೊಂಬಾಯಿಗೆ ಹೋಗಿ ದಂಡಾವತಿಮಠರ ನೂತನ ಕಲಾಮಂದಿರದಲ್ಲಿಯೂ ಜೆ. ಜೆ. ಕಲಾಶಾಲೆಯಲ್ಲಿಯೂ ವ್ಯಾಸಂಗ ಮಾಡಿ, ಅಲ್ಲಿಯೇ ಅಧ್ಯಾಪಕರಾದರು. ಆ ಶಾಲೆಯಲ್ಲಿ ದೊರೆತದ್ದು ಯೂರೋಪಿನ ಹಳೆಯ ಪದ್ಧತಿಯ ಶಿಕ್ಷಣ. ಕೈ ಪಳಗಿತು, ಮನಸ್ಸಿಗೆ ಮಾತ್ರ, ಎರವಲು ಭಾಷೆಯಲ್ಲಿ ಮಾತಾಡುತ್ತಿದ್ದೇನೆಂಬ ಅಸಮಾಧಾನ ಹತ್ತಿತು. ಜೈನರ ಓಲೆ ಕಾಗದಗಳ ಕಿರುಚಿತ್ರಗಳನ್ನೂ, ಪ್ಯಾರಿಸಿನಲ್ಲಿ ಕಲಿತು ಹಿಂದಿರುಗಿ ಭಾರತದ ಹಳ್ಳಿಗರನ್ನು ಬರೆದ ಅಮೃತಾ ಶೇರ್‌ಗಿಲ್ಲಳ ಕೃತಿಗಳನ್ನೂ ಮೆಚ್ಚಿ ಅಭ್ಯಾಸ ಮಾಡಿದರು.

1949ರಲ್ಲಿ ಅವರು ಯೂರೋಪಿಗೆ ಹೊರಟಾಗ ವಯಸ್ಸು ಮೂವತ್ತೆಂಟು. ಇದನ್ನು ಗಮನಿಸಬೇಕು. ಹುಡುಗನಾಗಿದ್ದಾಗ ಹೋಗಿದ್ದರೆ ಅವರು ಕಂಡದ್ದನ್ನೆಲ್ಲ ನುಂಗಿಬಿಡುತ್ತಿದ್ದರೇನೋ. ಹೋದಾಗ ಅವರ ಕೈಯಲ್ಲಿ ಒಂದು ಪ್ರಶ್ನೆ ಇತ್ತು. ಮಹಾಯುದ್ಧ ಮುಗಿದು ನಾಲ್ಕೇ ವರುಷವಾಗಿದ್ದ ಪ್ಯಾರಿಸಿನಲ್ಲಿ ಅಕಾಡೆಮಿ ಜೂಲಿಯಾನ್ ಶಾಲೆಯಲ್ಲಿ ಚಿತ್ರವನ್ನೂ, ಎಕೋಲ್ ಎಸ್ಟಿಯೆನ್ ಎಂಬ ಮುದ್ರಣಶಾಲೆಯಲ್ಲಿ ಅಚ್ಚಿನ ಚಿತ್ರದ ಕಸುಬನ್ನೂ ಅಭ್ಯಾಸ ಮಾಡಿದರು. ಯೂರೋಪಿನ ಚಿತ್ರಶಾಲೆಗಳನ್ನು ಕಂಡರು. ಅದೇ ವರುಷ ಗೋವೆಯ ಮೂಲದ ಸೂಜಾ ಲಂಡನ್ನಿಗೂ, ಮಾರನೆಯ ವರುಷ ರಜಾ ಪ್ಯಾರಿಸಿಗೂ ಹೋದರು. (ಈ ರಜಾ ಚಿತ್ರಕಾರರ ಹೆಸರು, ನಾನು ಮೊದಲು ಹೇಳಿದ ರಜಾ ಅಲ್ಲ.) ಅವರಿಬ್ಬರೂ ಹೊರದೇಶದಲ್ಲೇ ಬಹುಕಾಲ ನೆಲೆಸಿದರು. ಅದು ಅವರ ದಾರಿ. ಅದರಲ್ಲಿಯೂ ದೊಡ್ಡ ಕೆಲಸ ಆಯಿತು. ಹೆಬ್ಬಾರರು ಮಾತ್ರ ಹಿಂದಿರುಗಿದರು.

ಹಿಂದಿರುಗಿದವರು ಬರೆದದ್ದು ಪ್ಯಾರಿಸಿನ ಬೀದಿಗಳನ್ನಲ್ಲ. ನಮ್ಮ ಜಾತ್ರೆ, ಜಾನಪದ ಕುಣಿತ, ದುಡಿಯುವ ಜನ ಇವೇ ಅವರ ಮುಖ್ಯ ವಸ್ತುಗಳಾದುವು. ಕುಣಿತದ ಲಯ ಗೆರೆಯಲ್ಲಿ ಬರಬೇಕೆಂದು ತಾವೇ ಕಥಕ್ ನೃತ್ಯವನ್ನು ಕಲಿತರು. ಚಿತ್ರಕಾರನು ಗೆಜ್ಜೆ ಕಟ್ಟುವುದು ಸುಲಭದ ಮಾತಲ್ಲ. 1960ರ ದಶಕದಲ್ಲಿ ಅವರ ರೇಖಾಚಿತ್ರಗಳ ಗ್ರಂಥವೊಂದು ಪ್ರಕಟವಾದಾಗ ಅದಕ್ಕೆ "ಹಾಡುವ ಗೆರೆ" ಎಂಬ ಅರ್ಥದ ಇಂಗ್ಲಿಷ್ ಹೆಸರನ್ನಿಟ್ಟರು. ಯೂರೋಪು ಅವರಿಗೆ ವಸ್ತುವನ್ನು ಕೊಡಲಿಲ್ಲ. ಬೇಡದ್ದನ್ನು ಬಿಡುವ ಧೈರ್ಯವನ್ನು ಕೊಟ್ಟಿತೆಂದು ನನ್ನ ಅಭಿಪ್ರಾಯ. ಪದ್ಮಭೂಷಣ ಮೊದಲಾದ ಬಿರುದುಗಳು ಬಂದುವು. 1996ರಲ್ಲಿ ಬೊಂಬಾಯಿಯಲ್ಲಿ ತೀರಿಕೊಂಡರು.

ವೆಂಕಟಪ್ಪನವರ ಬದುಕು ಅಷ್ಟು ಸುಗಮವಾಗಿ ಸಾಗಲಿಲ್ಲ. 1940ರಲ್ಲಿ ನಾಲ್ವಡಿಯವರು ಕಾಲವಾದ ಮೇಲೆ ಅರಮನೆಯ ಕೆಲಸ ನಿಂತಿತು. ವ್ಯಾಜ್ಯ ನ್ಯಾಯಸ್ಥಾನದವರೆಗೂ ಹೋಯಿತು. ಅವರು ಬೆಂಗಳೂರಿಗೆ ಬಂದು ಒಂಟಿಯಾಗಿ ಉಳಿದರು. 1965ರಲ್ಲಿ ತೀರಿಕೊಂಡರು. 1970ರ ದಶಕದಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಅವರ ಹೆಸರಿನ ಚಿತ್ರಶಾಲೆ ಸ್ಥಾಪಿತವಾಗಿ, ನೀಲಗಿರಿಯ ಚಿತ್ರಗಳು ಅಲ್ಲಿ ಸೇರಿದುವು. ತರುವಾಯ ಹೆಬ್ಬಾರರ ಕೃತಿಗಳಿಗೂ ಅದೇ ಕಟ್ಟಡದಲ್ಲಿ ಸ್ಥಾನ ದೊರೆಯಿತು. ಕಡಲು ದಾಟದವರೂ ದಾಟಿ ಬಂದವರೂ ಒಂದೇ ಸೂರಿನ ಕೆಳಗೆ ಸೇರಿದರು.

ಕೆಲವು ವರುಷಗಳ ಹಿಂದೆ, ಯಾವುದೋ ಪತ್ರದ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ನಮ್ಮೂರಿನ ಹಿರಿಯರೊಬ್ಬರನ್ನು ನಾನು ಆ ಚಿತ್ರಶಾಲೆಗೆ ಕರೆದುಕೊಂಡು ಹೋದೆ. ನನ್ನ ತಂದೆಯ ವಾರಿಗೆಯವರು. ಚಿಕ್ಕಪ್ಪ ಎಂದೇ ಕರೆಯುವ ವಾಡಿಕೆ. ಕಚೇರಿಯ ಬಾಗಿಲು ತೆರೆಯಲು ಇನ್ನೂ ಹೊತ್ತಿತ್ತು, ನೆರಳಿನಲ್ಲಿ ಕೂರಬಹುದೆಂಬುದೇ ನಮ್ಮ ಮುಖ್ಯ ಉದ್ದೇಶ. ಪುರಾಣದ ಚಿತ್ರಗಳಿಗೆ ಕೈ ಮುಗಿದು ಮುಂದೆ ನಡೆದವರು, ನೀಲಗಿರಿಯ ಒಂದು ಚಿತ್ರದ ಮುಂದೆ ನಿಂತುಬಿಟ್ಟರು. ಬೆಟ್ಟದ ಮೈಮೇಲೆ ಮಂಜು ಕವಿದ ಚಿತ್ರ.

"ಇದು ಎಲ್ಲಿದು ಮಗ?"

"ಊಟಿಯದು, ಚಿಕ್ಕಪ್ಪ. ನಮ್ಮೂರಿಂದ ಕಾಣುತ್ತದಲ್ಲ, ಅದೇ ಬೆಟ್ಟ."

ನಮ್ಮ ಸೀಮೆಯ ಕಷ್ಟವನ್ನು ಬಲ್ಲವರಿಗೆ ಮುಂದಿನದು ಅರ್ಥವಾಗುತ್ತದೆ. ಮುಂಗಾರಿನ ಮೋಡ ಪಶ್ಚಿಮದ ಬೆಟ್ಟಗಳಲ್ಲೂ ನೀಲಗಿರಿಯಲ್ಲೂ ತನ್ನ ಹೊರೆಯನ್ನು ಇಳಿಸಿಬಿಡುತ್ತದೆ. ಅದರ ಮಗ್ಗುಲಿನ ಗುಂಡ್ಲುಪೇಟೆ, ಹರವೆಯ ಬಯಲಿಗೆ ಬರುವುದು ಬಹುಮಟ್ಟಿಗೆ ಗಾಳಿ. ಆಷಾಢದಲ್ಲಿ ನಮ್ಮ ರೈತನು ಹೊಲದಲ್ಲಿ ನಿಂತು ಆ ನೀಲಿಯ ಗೆರೆಯ ಮೇಲೆ ಬಿಳಿಯ ಮುಸುಕು ಕವಿಯುವುದನ್ನು ದಿನದಿನವೂ ನೋಡುತ್ತಾನೆ. ಅವನಷ್ಟು ಶ್ರದ್ಧೆಯಿಂದ ಆ ಬೆಟ್ಟವನ್ನು ನೋಡಿದವರು ಚಿತ್ರಕಾರರಲ್ಲಿಯೂ ವಿರಳ.

ಚಿಕ್ಕಪ್ಪ ಕನ್ನಡಕವನ್ನು ಒರೆಸಿ ಹಾಕಿಕೊಂಡು ಹತ್ತಿರಕ್ಕೆ ಬಾಗಿದರು. ಕಾವಲುಗಾರನು ಗಾಜನ್ನು ಮುಟ್ಟಬೇಡಿರೆಂದು ಕೂಗಿದನು. ಅವರು ಮುಟ್ಟಲಿಲ್ಲ, ಮಂಜಿನ ದಿಕ್ಕಿಗೆ ಬೆರಳು ತೋರಿಸಿ, "ನೋಡು, ಮಳೆ ಇಲ್ಲೇ ನಿಂತ್ಕಂಡದ" ಎಂದರು. ಚಿತ್ರ ಬರೆದು ಎಷ್ಟು ವರುಷವಾಯಿತೆಂದು ಕೇಳಿದರು. ತೊಂಬತ್ತರ ಮೇಲಾಗಿರಬಹುದು ಎಂದೆ. "ಆಗ್ಲೂ ಹಿಂಗೇಯಾ" ಎಂದು, ಇನ್ನೂ ಸ್ವಲ್ಪ ಹೊತ್ತು ನೋಡಿ, ಕಚೇರಿಗೆ ಹೊತ್ತಾಯಿತೆಂದು ನನ್ನನ್ನು ಎಬ್ಬಿಸಿದರು.